ಪಕ್ಕದ ಕೋಣೆಯ ಹಕ್ಕಿ

ಆ ಚಳಿಗಾಲದಲ್ಲಿ ಮೊದಲು ಸತ್ತದ್ದು ಹಳದಿ ಹಕ್ಕಿ. ಬೆಳಿಗ್ಗೆ ಪಂಜರದ ಮೇಲೆ ಹೊದಿಸಿದ್ದ ಬಟ್ಟೆ ತೆಗೆದಾಗ ಅದು ಕೆಳಗೆ ನವಣೆಯ ಸಿಪ್ಪೆಗಳ ಮೇಲೆ ಒಂದು ಮಗ್ಗುಲಾಗಿ ಬಿದ್ದಿತ್ತು. ಹಸಿರು ಹಕ್ಕಿ ಮೇಲಿನ ಕಡ್ಡಿಯ ತುದಿಗೆ ಸರಿದು, ಗೋಡೆಯ ಕಡೆ ಮುಖ ಮಾಡಿ ಕುಳಿತಿತ್ತು. ನಾನು ಸತ್ತ ಹಕ್ಕಿಯನ್ನು ಹಳೆಯ ಕರವಸ್ತ್ರದಲ್ಲಿ ಸುತ್ತುವಾಗ ಕಿಟಕಿಯ ಗಾಜಿನಾಚೆ ಅಪ್ಪ ಎದ್ದು ಕುಳಿತಿದ್ದ. ಅವನ ಮೂಗಿನಲ್ಲಿ ಆಕ್ಸಿಜನ್ ನಳಿಗೆ. ನನ್ನ ಕೈಯಲ್ಲಿದ್ದ ಸಣ್ಣ ಗಂಟನ್ನು ನೋಡಿ ತಿರುಗಿ ಮಲಗಿಕೊಂಡ.

ಶಹಾಬಾದಿನ ನಮ್ಮ ಮನೆಯಲ್ಲಿ ಆಗ ಇದ್ದವರು ಅಪ್ಪ ಮತ್ತು ನಾನು, ಇಬ್ಬರೇ. ಅವ್ವ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ನಾನು ವಾಡಿಯ ಒಂದು ಶಾಲೆಯಲ್ಲಿ ಪಾಠ ಹೇಳುತ್ತೇನೆ. ಬೆಳಿಗ್ಗೆ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುತ್ತೇನೆ. ಅಪ್ಪ ಹರೆಯದಿಂದಲೂ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊಯ್ಯುವ ಮಷೀನಿನ ಮೇಲೆ ದುಡಿದವನು. ಸಂಜೆ ಮನೆಗೆ ಬಂದಾಗ ಅವನ ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಎಲ್ಲಾ ಬೂದುಬಣ್ಣಕ್ಕೆ ತಿರುಗಿರುತ್ತಿದ್ದವು. ಚಿಕ್ಕವಳಿದ್ದಾಗ ಅಪ್ಪಂದಿರೆಲ್ಲ ಮನೆಗೆ ಬರುವಾಗ ಹಾಗೆಯೇ ಮುದುಕರಾಗಿ ಬರುತ್ತಾರೆ, ಮೈ ತೊಳೆದ ಮೇಲೆ ಮತ್ತೆ ವಯಸ್ಸು ಇಳಿಯುತ್ತದೆ ಎಂದುಕೊಂಡಿದ್ದೆ. ಮೈಮೇಲಿನದು ನೀರಿಗೆ ಹೋಯಿತು. ಎದೆಯೊಳಗೆ ಕುಳಿತದ್ದು ಹೋಗಲಿಲ್ಲ. ಕೆಲಸ ಬಿಟ್ಟ ಮೇಲೆ ಮೆಟ್ಟಿಲು ಹತ್ತುವುದು ಬಿಟ್ಟ, ಆಮೇಲೆ ಓಣಿಯ ತುದಿಯ ಚಹಾದಂಗಡಿಗೆ ಹೋಗುವುದು ಬಿಟ್ಟ. ಕೊನೆಗೆ ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿಕೊಡುವ ಯಂತ್ರವೊಂದು ಅವನ ಮಂಚದ ಪಕ್ಕಕ್ಕೆ ಬಂದು ನಿಂತಿತು. ಹಗಲು ಹೊತ್ತು ಅದರ ಗುರ್ ಎನ್ನುವ ಸದ್ದೊಂದೇ ಅವನಿಗೆ ಜೊತೆ.

ಅದಕ್ಕೇ ನಾನು ಹಕ್ಕಿ ತಂದದ್ದು. ವಾಡಿಯ ಸಂತೆಯಲ್ಲಿ ಒಬ್ಬ ಲವ್ ಬರ್ಡ್ಸ್ ಅಂತ ಮಾರುತ್ತಿದ್ದ ಗೇಣಿಗಿಂತ ಸಣ್ಣ ಗಿಳಿಗಳು, ಒಂದು ಹಳದಿ, ಒಂದು ಹಸಿರು. ಅಪ್ಪ ಮೊದಲ ದಿನ ಬೈದ. ಎರಡನೇ ದಿನ ತಟ್ಟೆಯಲ್ಲಿದ್ದ ಕೊತ್ತಂಬರಿ ಎಲೆಯನ್ನು ಅವುಗಳಿಗೆ ಎತ್ತಿಟ್ಟ. ಹಸಿರು ಹಕ್ಕಿ ಬೆಳಕಾದ ಕ್ಷಣದಿಂದ ಯಾರನ್ನೋ ಗದರಿಸುವಂತೆ ಒಂದೇ ಸಮ ಕೂಗುತ್ತಿತ್ತು. ಕೂಲಿಯವರ ಮೇಲೆ ಕೂಗಾಡುತ್ತಿದ್ದ ಹಳೆಯ ಮೇಲ್ವಿಚಾರಕ ನೆನಪಾಗಿ ಅಪ್ಪ ಅದಕ್ಕೆ ಮುಕದ್ದಮ ಎಂದು ಕರೆಯತೊಡಗಿದ. “ಮುಕದ್ದಮ ಇವತ್ತ ಭಾಳ ಸಿಟ್ಟಿನ್ಯಾಗ ಅದಾನ” ಎಂದು ನಾನು ಶಾಲೆಯಿಂದ ಬಂದ ಕೂಡಲೇ ಸುದ್ದಿ ಹೇಳುತ್ತಿದ್ದ. ಅದನ್ನು ಹೇಳಲು ಅವನಿಗೆ ನಡುವೆ ಎರಡು ಸಲ ಉಸಿರು ತೆಗೆದುಕೊಳ್ಳಬೇಕಾಗುತ್ತಿತ್ತು. ಆದರೂ ಹೇಳುತ್ತಿದ್ದ.

ಮಳೆಗಾಲದಲ್ಲಿ ಕಲಬುರಗಿಗೆ ತೋರಿಸಲು ಹೋದಾಗ ಎದೆಯ ಡಾಕ್ಟರು ಕೇಳಿದರು: “ಮನ್ಯಾಗ ಪಾರಿವಾಳ, ಹಕ್ಕಿ ಏನರ ಸಾಕೀರೇನು?”

ಅಪ್ಪ “ಇಲ್ರಿ” ಅನ್ನುವಷ್ಟರಲ್ಲಿ ನಾನು “ಎರಡು ಲವ್ ಬರ್ಡ್ಸ್ ಅವರಿ, ಇವರ ಖೋಲಿಯೊಳಗೇ” ಎಂದೆ.

“ಅವುಗಳ ರೆಕ್ಕಿ ಧೂಳು, ಹಿಕ್ಕಿ ಧೂಳು ಇಂಥ ಎದಿಗೆ ಆಗಂಗಿಲ್ಲ. ಇವತ್ತೇ ಆ ಖೋಲಿಯಿಂದ ತೆಗೀರಿ.”

ವಾಪಸು ಬರುವಾಗ ರೈಲಿನಲ್ಲಿ ಅಪ್ಪ ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿದ್ದ. ಶಹಾಬಾದ ಸ್ಟೇಶನ್ನಿನಲ್ಲಿ ಇಳಿದ ಮೇಲೆ, ಬೆಂಚಿನ ಮೇಲೆ ಕುಳಿತು ಸುಧಾರಿಸಿಕೊಳ್ಳುತ್ತಾ ಅಂದ: “ಇಷ್ಟು ವರ್ಷ ಕಲ್ಲಿನ ಧೂಳು ನುಂಗೀನಿ. ಅಂಗೈಯಷ್ಟು ಹಕ್ಕಿ ಇನ್ನ ಏನ್ ಧೂಳು ಹಾಕ್ತದ ನನ್ನ ಎದ್ಯಾಗ?”

ಪಂಜರ ಹೊರಗಿನ ಕಟ್ಟೆಗೆ ಹೋಯಿತು. ಅಪ್ಪನ ಕಿಟಕಿಗೆ ಗಾಜು ಹಾಕಿಸಿ, ಅದು ಅವನಿಗೆ ಕಾಣುವಂತೆ ತೂಗುಹಾಕಿದೆ. ಮಳೆಗಾಲ ಹೇಗೋ ಕಳೆಯಿತು. ಚಳಿಗಾಲ ಬಂದಾಗ ಬಯಲಿನ ಕಡೆಯಿಂದ ಬೀಸುವ ಗಾಳಿ ಕಟ್ಟೆಯ ಮೇಲೆ ನೇರ ಬಡಿಯುತ್ತಿತ್ತು. ಸಂಜೆಗೇ ದಪ್ಪ ಬಟ್ಟೆ ಹೊದಿಸುತ್ತಿದ್ದೆ. ಸಾಕಾಗಲಿಲ್ಲವೋ, ಹಳದಿ ಹಕ್ಕಿಗೆ ಬೇರೇನಾದರೂ ಇತ್ತೋ ಗೊತ್ತಿಲ್ಲ.

ಅದನ್ನು ಮಣ್ಣು ಮಾಡಿ ಕೈ ತೊಳೆದು ಒಳಗೆ ಬಂದಾಗ ಅಪ್ಪ ಗೋಡೆಯ ಕಡೆಗೇ ಮುಖ ಮಾಡಿ ಅಂದ: “ನನ್ನ ಸಲುವಾಗಿ ಹೊರಗ ಹೋದವು.”

ನಾನು ಚಹಾ ಮಾಡಲು ಒಳಗೆ ಹೋದೆ.

ಅದೇ ವಾರದ ಕೊನೆಗೆ ಮುಕದ್ದಮನ ಕೂಗು ನಿಂತಿತು. ಬೆಳಿಗ್ಗೆ ನೋಡಿದರೆ ಪಂಜರದ ತಳದಲ್ಲಿ, ಮೂಲೆಯಲ್ಲಿ, ಪುಕ್ಕಗಳನ್ನೆಲ್ಲ ಉಬ್ಬಿಸಿಕೊಂಡು ಚೆಂಡಿನಂತೆ ಕುಳಿತಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಉಸಿರು ತೆಗೆದಾಗಲೆಲ್ಲ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಉಸಿರಿಗೆ ಕಷ್ಟಪಡುವ ಜೀವ ಹೇಗಿರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಪಂಜರವನ್ನು ಎತ್ತಿಕೊಂಡು ಹಿಂಬಾಗಿಲಿನಿಂದ ನನ್ನ ಕೋಣೆಗೆ ತಂದೆ. ಅದು ಅಪ್ಪನ ಕೋಣೆಗೆ ತಾಗಿಕೊಂಡೇ ಇದೆ. ನಡುವೆ ಒಂದು ಗೋಡೆ. ಗೋಡೆಯ ಮೇಲ್ಭಾಗದಲ್ಲಿದ್ದ ಜಾಲಂಧರಕ್ಕೆ ಒಳಗಿನಿಂದ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಬಾಗಿಲ ಸಂದಿಗೆ ಬಟ್ಟೆ ತುರುಕಿದೆ. ಶಾಲೆಗೆ ರಜೆ ಹಾಕಿದೆ.

“ಏನಾಗ್ಯದ?” ಎಂದು ಗೋಡೆಯಾಚೆಯಿಂದ ಅಪ್ಪ ಕೇಳಿದ.

“ಥಂಡಿ ಹತ್ತ್ಯದಪಾ. ಒಳಗ ತಂದೀನಿ.”

“ನಿನ್ನ ಖೋಲ್ಯಾಗ?”

“ಹೂಂ.”

“ಬಾಗಲಾ ಹಾಕ್ಕೋ” ಎಂದ.

ಸಹೋದ್ಯೋಗಿಯೊಬ್ಬರಿಂದ ಕಲಬುರಗಿಯ ಒಬ್ಬ ಪಶುವೈದ್ಯರ ನಂಬರು ಸಿಕ್ಕಿತು. ಹೆಣ್ಣುಮಗಳು, ದನಿ ಕೇಳಿದರೆ ನನಗಿಂತ ಚಿಕ್ಕವರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಅವರು ಅಂದರು: “ನಾಳೆ ಕರ್ಕೊಂಡ್ ಬರ್ರಿ. ಇವತ್ತ ಮೊದಲು ಬೆಚ್ಚಗ ಇಡ್ರಿ ಮೇಡಮ್. ಬೀಮಾರ ಹಕ್ಕಿ ಮೈ ಬಿಸಿ ಉಳಿಸ್ಕೊಳ್ಳಲಿಕ್ಕೇ ಇದ್ದ ಶಕ್ತಿ ಎಲ್ಲಾ ಹಾಕ್ತದ. ಆ ಕೆಲಸ ನೀವು ಮಾಡಿದ್ರ, ಉಣ್ಣಲಿಕ್ಕ, ಗುಣ ಆಗಲಿಕ್ಕ ಅದಕ್ಕ ಜರಾ ಶಕ್ತಿ ಉಳೀತದ.”

“ಹೀಟರ್ ಹಚ್ಚಲೇನ್ರಿ?”

“ಬ್ಯಾಡ. ಪಂಜರದ ಒಂದೇ ಕಡಿಗೆ ಬಲ್ಬಿನ ಬಿಸಿ ಕೊಡ್ರಿ, ಇನ್ನೊಂದು ಕಡಿ ಹಂಗೇ ಇರಲಿ. ಬಿಸಿ ಸಾಕಾದ್ರ ಅದು ತಾನೇ ಆಚಿ ಕಡಿ ಸರೀತದ. ಬಾಯಿ ತೆಗೆದು ತೇಕಿದ್ರ, ರೆಕ್ಕಿ ಮೈಯಿಂದ ಅಗಲ ಹಿಡಿದ್ರ, ಬಿಸಿ ಹೆಚ್ಚಾಗ್ಯದ ಅಂತ ತಿಳ್ಕೋರಿ. ಉಬ್ಬಿ ಕುಂತ್ರ ಇನ್ನೂ ಥಂಡಿ ಅದ ಅಂತ. ಮತ್ತ ಚಮಚದಿಂದ ನೀರು ಬಾಯಾಗ ಹಾಕಲಿಕ್ಕ ಹೋಗಬ್ಯಾಡ್ರಿ, ಉಸಿರಿನ ನಾಳಕ್ಕ ಹೋಗ್ತದ.”

ಬಲ್ಬು ಹುಡುಕುವುದೇ ಒಂದು ಕೆಲಸವಾಯಿತು. ಮನೆಯಲ್ಲಿದ್ದವೆಲ್ಲ ಎಲ್‌ಇಡಿ; ಬೆಳಕಿದೆ, ಕೈಯಿಟ್ಟರೆ ಬಿಸಿಯಿಲ್ಲ. ಪಕ್ಕದ ಮನೆಯ ಆಪಾಳನ್ನು ಅಪ್ಪನ ಹತ್ತಿರ ಕೂರಿಸಿ ಬಜಾರಿಗೆ ಹೋದೆ. ಆಪಾ ಮನೆಯಲ್ಲೇ ಕುಳಿತು ಬಟ್ಟೆ ಹೊಲಿಯುವವಳು. ಅವ್ವ ಹೋದ ಮೇಲೆ, ನಾನು ಶಾಲೆಯಲ್ಲಿರುವಾಗ ಅಪ್ಪನಿಗೆ ಊಟಕ್ಕೆ ಹಾಕಿಕೊಡುವವಳೂ ಅವಳೇ. ಮೂರು ಅಂಗಡಿಯವರು ಇಲ್ಲವೆಂದರು. ಸ್ಟೇಶನ್ ರಸ್ತೆಯ ಹಳೆಯ ಅಂಗಡಿಯಾತ ಅಟ್ಟದಿಂದ ಧೂಳು ಹಿಡಿದ ಡಬ್ಬಿ ಇಳಿಸಿ, ತಂತಿ ಉರಿಯುವ ಹಳೆಯ ಕಾಲದ ಬಲ್ಬುಗಳನ್ನು ಕೊಟ್ಟ. ಎರಡು ತಂದೆ, ಒಂದು ಸುಟ್ಟುಹೋದರೆ ಇರಲಿ ಎಂದು.

ಬರುವಷ್ಟರಲ್ಲಿ ಆಪಾ ತನ್ನ ಮನೆಗೆ ಹೋಗಿ ಸಿಗಡಿ ಒಲೆಯಲ್ಲಿ ಕೆಂಡ ತುಂಬಿಕೊಂಡು ಬಂದು ಹಿಂಬಾಗಿಲಲ್ಲಿ ನಿಂತಿದ್ದಳು. “ಪಂಜರದ ಬಾಜು ಇಡು ಬೇಟಿ. ಕೋಳಿಮರಿಗೆ ನಾವು ಹಿಂಗೇ ಇಡ್ತಿದ್ವಿ.”

“ಬ್ಯಾಡ ಆಪಾ. ಹೊಗಿ ಆ ಹಕ್ಕಿಗೂ ಆಗಂಗಿಲ್ಲ, ಅಪ್ಪಗೂ ಆಗಂಗಿಲ್ಲ. ಅದರ ಮ್ಯಾಲ ಒಳಗ ಆಕ್ಸಿಜನ್ ನಡೀಲಿಕತ್ತದ.”

“ಯಾ ಅಲ್ಲಾ” ಎಂದವಳೇ ಸಿಗಡಿ ಎತ್ತಿಕೊಂಡು ಬಂದ ದಾರಿಯಲ್ಲೇ ಹೋದಳು. ಅಂದಿನಿಂದ ಶುಕ್ರವಾರದ ಲೋಬಾನದ ಹೊಗೆಯನ್ನೂ ಅವಳು ನಿಲ್ಲಿಸಿದ್ದಳೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಅವಳ ಕಿಟಕಿ ನಮ್ಮ ಹಿತ್ತಲಿಗೇ ತೆರೆಯುತ್ತದೆ. ನಮ್ಮಲ್ಲಿ ಗೋಡೆಯ ಮೇಲಿನ ಬುದ್ಧನ ಚಿತ್ರದ ಮುಂದೆ ಮೇಣದ ಬತ್ತಿ ಹಚ್ಚುವುದು ಆಕ್ಸಿಜನ್ ಯಂತ್ರ ಬಂದ ದಿನವೇ ನಿಂತಿತ್ತು.

ಪಂಜರದ ಮೂರು ಪಕ್ಕಗಳಿಗೆ ಹಳೆಯ ಕೌದಿ ಸುತ್ತಿ, ಮುಂದಿನ ಪಕ್ಕವನ್ನು ಗಾಳಿಗೆ ಬಿಟ್ಟೆ. ಕಡ್ಡಿಗಳನ್ನು ತೆಗೆದು ಒಂದನ್ನು ಮಾತ್ರ ತಳದ ಹತ್ತಿರ ಕಟ್ಟಿದೆ, ಹತ್ತಲು ಆಗದ ಜೀವ ಬೀಳಬಾರದೆಂದು. ಕಾಳು, ನೀರು ಅದರ ಕೊಕ್ಕಿನ ಎದುರಿಗೇ ಇಟ್ಟೆ. ಬಲ್ಬನ್ನು ಪಿಂಗಾಣಿ ಹೋಲ್ಡರಿಗೆ ಹಾಕಿ ಪಂಜರದ ಹೊರಗೆ, ಬಲಗಡೆ ಕೌದಿಯನ್ನು ಹಿಂದಕ್ಕೆ ಮಡಚಿ ಕಟ್ಟಿದ ಜಾಗದಲ್ಲಿ, ಒಂದು ಫರ್ಸಿ ತುಂಡಿನ ಮೇಲೆ ನಿಲ್ಲಿಸಿದೆ. ಬಟ್ಟೆ ಎಲ್ಲಿಯೂ ಬಲ್ಬಿಗೆ ತಾಗದಂತೆ ಎರಡೆರಡು ಸಲ ಕೈಯಾಡಿಸಿ ನೋಡಿದೆ. ಶಾಲೆಯ ಪ್ರಯೋಗಶಾಲೆಯಿಂದ ತಂದ ಉಷ್ಣಮಾಪಕವೊಂದು ಮನೆಯಲ್ಲಿತ್ತು. ಅದನ್ನು ಬಿಸಿಯ ಕಡೆ ತೂಗುಹಾಕಿದೆ. ಮೂವತ್ತರ ಆಸುಪಾಸಿನಲ್ಲಿರಲಿ ಎಂದು ಡಾಕ್ಟರು ಹೇಳಿದ್ದರು.

ಬೆಳಕಿನಲ್ಲಿ ಅದು ನಿದ್ದೆ ಮಾಡುವುದು ಹೇಗೆ ಎಂದು ನಾನು ಗೊಣಗಿಕೊಂಡದ್ದು ಅಪ್ಪನಿಗೆ ಕೇಳಿಸಿತು.

“ಮಣ್ಣಿನ ಕುಂಡ ಬೋರಲ ಹಾಕು ಬಲ್ಬಿನ ಮ್ಯಾಲ” ಎಂದ ಗೋಡೆಯಾಚೆಯಿಂದ. “ಕೆಳಗ ಎರಡ ಕಲ್ಲು ಕೊಡು, ಹವಾ ಆಡ್ಲಿ. ಬಿಸಿ ಬರ್ತದ, ಬೆಳಕು ಬರಂಗಿಲ್ಲ.”

ಹಿತ್ತಲಿನಲ್ಲಿ ಒಣಗಿಹೋಗಿದ್ದ ತುಳಸಿಯ ಕುಂಡ ಸಿಕ್ಕಿತು. ಸಂಜೆಯಾದಾಗ ಕೋಣೆಯಲ್ಲಿ ಕತ್ತಲು, ಕುಂಡದ ಕೆಳಗಿನ ಸಂದಿಯಲ್ಲಿ ಕೆಂಪಗೆ ಒಂದು ಗೆರೆ. ಹಕ್ಕಿ ನಿಧಾನಕ್ಕೆ ಆ ಕಡೆ ಸರಿದು ಕುಳಿತಿತು. ಉಬ್ಬಿದ ಪುಕ್ಕ ಒಂದಿಷ್ಟು ಇಳಿದ ಹಾಗೆ ಕಂಡಿತು. ಅಷ್ಟನ್ನು ಅಪ್ಪನಿಗೆ ಹೇಳಿದೆ. ಅವನು “ಬರೋಬ್ಬರಿ” ಎಂದ.

ಮರುದಿನ ರಟ್ಟಿನ ಡಬ್ಬಿಗೆ ತೂತು ಕೊರೆದು, ಬಿಸಿನೀರು ತುಂಬಿದ ಬಾಟಲಿಗೆ ಟವೆಲ್ ಸುತ್ತಿ ಒಂದು ಮೂಲೆಗೆ ಇಟ್ಟು, ಹಕ್ಕಿಯನ್ನು ಕಲಬುರಗಿಗೆ ಕರೆದೊಯ್ದೆ. ರೈಲಿನಲ್ಲಿ ಡಬ್ಬಿಯನ್ನು ಶಾಲಿನೊಳಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಎದುರಿಗೆ ಕುಳಿತ ಹೆಂಗಸು ಬಹಳ ಹೊತ್ತು ನೋಡಿ “ಕೂಸೇನ್ರಿ?” ಎಂದಳು. ಅಲ್ಲವೆಂದೆ. ಅವಳು ಕಿಟಕಿಯ ಬಾಗಿಲನ್ನು ಕೆಳಕ್ಕೆ ಎಳೆದಳು. ನನಗೆ ಮದುವೆಯಾಗಿಲ್ಲ, ಆ ಪ್ರಶ್ನೆ ನನ್ನನ್ನು ಕಲಬುರಗಿಯವರೆಗೂ ಬಿಡಲಿಲ್ಲ.

ಡಾಕ್ಟರು ಹಕ್ಕಿಯನ್ನು ಅಂಗೈಯಲ್ಲಿ ಹಿಡಿದು, ಎದೆಯ ಮೂಳೆ ಸವರಿ ನೋಡಿ, “ಭಾಳ ಸೊರಗ್ಯದ” ಎಂದರು. ಉಸಿರಿನ ಸೋಂಕು, ಹಳದಿ ಹಕ್ಕಿಯದೂ ಅದೇ ಇದ್ದಿರಬಹುದು.

“ಹೊರಗ ಇಟ್ಟಿದ್ದಕ್ಕ ಹಿಂಗಾತೇನ್ರಿ?” ಎಂದೆ.

“ಹಂಗ ಹೇಳಲಿಕ್ಕ ಬರಂಗಿಲ್ಲ. ತರೂ ಮುಂಚೆಯಿಂದನೂ ಇರಬಹುದು. ಥಂಡಿ ಜೋರ್ ಮಾಡ್ಯದ.” ಅಪ್ಪನ ವಿಷಯ ಕೇಳಿ ಅವರ ಮುಖ ಗಂಭೀರವಾಯಿತು. “ಪಂಜರ ಮುಟ್ಟಿದ ಮ್ಯಾಲ ಕೈ ತೊಳೀರಿ, ಅರಿವಿ ಬದಲಿಸ್ರಿ, ಆಮ್ಯಾಲ ಅವರ ಕಡಿ ಹೋಗ್ರಿ. ಮೂಗು-ಬಾಯಿಗೆ ಮಾಸ್ಕ್ ಹಾಕ್ಕೊಂಡು ಒದ್ದಿ ಕಾಗದದಿಂದ ಹಿಕ್ಕಿ ತೆಗೀರಿ, ಕಸಬರಗಿ ಹೊಡೀಬ್ಯಾಡ್ರಿ. ಗುಣ ಆದ ಮ್ಯಾಲ ಬ್ಯಾರೆ ಮನಿ ನೋಡೋದು ಛಲೋ.”

ಈ ಕೊನೆಯ ಮಾತನ್ನು ನಾನು ಅಪ್ಪನಿಗೆ ಹೇಳಲಿಲ್ಲ. ಔಷಧ ಕೊಟ್ಟಿದ್ದಾರೆ, ನೀರಿಗೆ ಹಾಕಬೇಕು ಎಂದಷ್ಟೇ ಹೇಳಿದೆ.

ಆಮೇಲಿನ ದಿನಗಳೆಲ್ಲ ಒಂದೇ ರೀತಿ ಹೋದವು. ಬೆಳಿಗ್ಗೆ ಹಕ್ಕಿಯ ಕೋಣೆ, ಸ್ನಾನ, ಬೇರೆ ಬಟ್ಟೆ, ಅಪ್ಪನ ಕೋಣೆ. ರಜೆ ಮುಗಿದ ಮೇಲೆ ಹಗಲು ಆಪಾ ಬಂದು ಕುಂಡದ ಮೇಲೆ ಕೈಯಿಟ್ಟು ಬಿಸಿ ನೋಡಿ ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಬಿಸಿಲು ಏರಿ ಕೋಣೆಯೇ ಕಾದಿತ್ತಂತೆ. ಹಕ್ಕಿ ಬಾಯಿ ತೆರೆದು ತೇಕುತ್ತಾ ತಂಪಿನ ಕಡೆಯ ತುದಿಗೆ ಒತ್ತಿಕೊಂಡಿತ್ತು. ಆಪಾ ಗಾಬರಿಯಾಗಿ ಬಲ್ಬು ಆರಿಸಿ ನನಗೆ ಫೋನು ಮಾಡಿದಳು. ಅವಳು ಆ ಹೊತ್ತಿಗೆ ಹೋಗದಿದ್ದರೆ ಏನಾಗುತ್ತಿತ್ತೋ. ಮರುದಿನದಿಂದ ಬಲ್ಬನ್ನು ಇನ್ನೊಂದು ಗೇಣು ದೂರ ಸರಿಸಿದೆವು.

ಅಪ್ಪನೂ ಅದೇ ದಿನಗಳಲ್ಲಿ ಇಳಿಯುತ್ತಿದ್ದ. ಪಾದಗಳು ಬಾತಿದ್ದವು. ಎರಡು ತುತ್ತು ಉಂಡು ತಟ್ಟೆ ಸರಿಸುತ್ತಿದ್ದ. ಆದರೆ ನಾನು ಎದುರಿಗೆ ಬಂದ ಕೂಡಲೇ ಅವನು ಕೇಳುತ್ತಿದ್ದದ್ದು ಹಕ್ಕಿಯನ್ನೇ.

“ಉಂಡದೇನು?”

“ನಾಕ ಕಾಳು ಒಡದದಪಾ.”

“ನೀರು?”

“ಕುಡದದ. ನೀನೂ ಒಂದೀಟು ಉಣ್ಣು.”

“ಅದು ಎಷ್ಟು ಉಂಡದ, ನಾನೂ ಅಷ್ಟು ಉಂಡೀನಿ” ಎಂದು ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೂ ಅವನ ಬೆನ್ನು ಹಿಡಿದುಕೊಂಡು ನಿಂತಿದ್ದೆ. ಅಂಗಿಯ ಒಳಗಿನಿಂದ ಒಂದೊಂದು ಎಲುಬೂ ಕೈಗೆ ಸಿಗುತ್ತಿತ್ತು.

ಒಂದು ಭಾನುವಾರ ಲೈನ್ ರಿಪೇರಿಯೆಂದು ಬೆಳಿಗ್ಗೆಯೇ ಕರೆಂಟ್ ತೆಗೆದರು. ಆಕ್ಸಿಜನ್ ಯಂತ್ರ ಒಮ್ಮೆ ಕೂಗಿ ನಿಂತಿತು. ಅದೇ ಕ್ಷಣಕ್ಕೆ ನನ್ನ ಕೋಣೆಯಲ್ಲಿ ಕುಂಡದ ಕೆಳಗಿನ ಕೆಂಪು ಗೆರೆಯೂ ಆರಿತು. ನಾನು ಮೊದಲು ಅಪ್ಪನ ಹತ್ತಿರ ಓಡಿ, ಇಂಥ ಹೊತ್ತಿಗೆಂದೇ ಮೂಲೆಯಲ್ಲಿಟ್ಟಿದ್ದ ಆಕ್ಸಿಜನ್ ಸಿಲಿಂಡರಿಗೆ ನಳಿಗೆ ಹಾಕಿ ಕೀಲಿ ತಿರುಗಿಸಿದೆ. ಅವನ ತುಟಿಯ ನೀಲಿ ಬಣ್ಣ ಇಳಿಯುವವರೆಗೂ ಅಲ್ಲೇ ನಿಂತೆ. ಅವನು ಕೈಯಿಂದ ನನ್ನನ್ನು ತಳ್ಳಿದ.

“ನಂದು ಆತು. ಅದನ್ನ ನೋಡ್ ಹೋಗು.”

“ಇರಪಾ.”

“ಅದಕ್ಕ ಸಿಲಿಂಡರ್ ಇಲ್ಲ. ಹೋಗು.”

ಹಿಂದಿನ ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ನೀರು ಕಾಯಿಸಿದೆ. ಆಪಾ ಬಂದು ಪಂಜರದ ಮುಂದೆ ಕುಳಿತಳು. ಬಾಟಲಿಗೆ ಸುತ್ತಲು ಟವೆಲ್ಲುಗಳೆಲ್ಲ ಒದ್ದೆಯಾಗಿದ್ದವು. ಅಪ್ಪನಿಗೆ ಹೇಗೆ ಗೊತ್ತಾಯಿತೋ, “ನನ್ನ ಮಫ್ಲರ್ ಒಯ್ಯಿ” ಎಂದು ಕೂಗಿದ. ಕೂಗಿದ್ದಲ್ಲ, ಕೂಗಲು ನೋಡಿದ. ಕುತ್ತಿಗೆಯಲ್ಲಿದ್ದದ್ದನ್ನೇ ಬಿಚ್ಚಿ ಕೊಟ್ಟ. ಬೆಚ್ಚಗಿತ್ತು. ಅವನಿಗೆ ನನ್ನ ಶಾಲು ಸುತ್ತಿ, ಮಫ್ಲರನ್ನು ಬಾಟಲಿಗೆ ಸುತ್ತಿ ಪಂಜರದೊಳಗೆ ಒಂದು ಬದಿಗೆ ಇಟ್ಟೆವು. ಹಕ್ಕಿ ಮೊದಲು ಹೆದರಿ ದೂರ ಹೋಯಿತು, ಆಮೇಲೆ ಬಂದು ಅದಕ್ಕೆ ಮೈಯೊರಗಿಸಿತು. ಬಾಟಲಿ ಆರಿದಂತೆಲ್ಲ ಬದಲಿಸುತ್ತಾ ಹೋದೆವು. ಒಂದು ಬಾಟಲಿಯ ಮುಚ್ಚಳ ಸರಿಯಾಗಿ ಕೂರದೆ ನೀರು ಸೋರಿತು. ಪುಕ್ಕ ಒದ್ದೆಯಾಗುವ ಮೊದಲೇ ಆಪಾ ಕಂಡಳು. ಅಂದು ಸಂಜೆಯವರೆಗೆ ನಾನು ಎರಡು ಕೋಣೆಗಳ ನಡುವೆ ಬಟ್ಟೆ ಬದಲಿಸುತ್ತಾ, ಕೈ ತೊಳೆಯುತ್ತಾ ಓಡಾಡಿದೆ. ಸಿಲಿಂಡರಿನ ಮುಳ್ಳು ಕೆಳಗಿಳಿಯುತ್ತಿತ್ತು. ಕರೆಂಟ್ ಬಂದಾಗ ಆಪಾ ಅಲ್ಲಿಯೇ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ. ಹಕ್ಕಿಗಾಗಿ ಅತ್ತದ್ದಲ್ಲ ಅದು.

ಮುಕದ್ದಮ ಬದುಕಿತು. ಒಂದು ದಿನ ಕೆಳಗಿನ ಕಡ್ಡಿ ಹತ್ತಿತು. ಇನ್ನೊಂದು ದಿನ ಕೊತ್ತಂಬರಿ ಎಲೆ ಹರಿದು ತಿಂದಿತು. ಬಾಲ ಆಡುವುದು ನಿಂತಿತು. ಡಾಕ್ಟರು ಹೇಳಿದಂತೆ ಬಿಸಿಯನ್ನು ಒಮ್ಮೆಲೇ ನಿಲ್ಲಿಸದೆ, ಬಲ್ಬನ್ನು ದಿನಕ್ಕಿಷ್ಟು ದೂರ ಸರಿಸಿ, ಆಮೇಲೆ ಹಗಲು ಆರಿಸಿ ರಾತ್ರಿ ಮಾತ್ರ ಹಚ್ಚಿ, ಹೀಗೆ ಕಡಿಮೆ ಮಾಡಿದೆ. ಕೌದಿ ತೆಗೆದ ಮೇಲೂ ಅದು ಉಬ್ಬಿ ಕೂರಲಿಲ್ಲ. ಆದರೆ ಕೂಗಲಿಲ್ಲ. ಗಂಟಲು ಹೋಗಿದೆ ಎಂದುಕೊಂಡೆ. ಒಂದು ಬೆಳಿಗ್ಗೆ ಅಪ್ಪನಿಗೆ ಮುಖ ಒರೆಸುತ್ತಿದ್ದಾಗ ಗೋಡೆಯಾಚೆಯಿಂದ ಒರಟಾಗಿ, ತುಂಡು ತುಂಡಾಗಿ ಒಂದು ಸದ್ದು ಬಂತು. ಅಪ್ಪ ನನ್ನ ಮಣಿಕಟ್ಟು ಹಿಡಿದ. ಮತ್ತೆ ಬಂತು. ಅಪ್ಪ ಕಣ್ಣು ಮುಚ್ಚಿಕೊಂಡು ಅದು ನಿಲ್ಲುವವರೆಗೂ ಕೇಳಿದ.

“ಒಂದೇ ಅದ” ಎಂದ ಆಮೇಲೆ. “ಕೂಗಿದ್ರ ತಿರುಗಿ ಕೂಗೋದು ಇಲ್ಲ ಅದಕ್ಕ.”

ಆ ಸಂಜೆ ನಾನು ಶಾಲೆಯಿಂದ ಬಂದಾಗ ಅವನು ಯೋಚಿಸಿ ಇಟ್ಟುಕೊಂಡಿದ್ದನ್ನು ಹೇಳಿದ. “ತೆಂಗಳಿಗೆ ಕೊಟ್ಟುಬಿಡು. ನಿಮ್ಮತ್ತಿ ಸಾಕ್ಯಾಳಲ್ಲ, ಅವುಗಳ ಸಂಗಾಟ ಇರಲಿ.”

ತೆಂಗಳಿಯಲ್ಲಿದ್ದವಳು ಅಪ್ಪನ ತಂಗಿ, ನನ್ನ ಸೋದರತ್ತೆ. ಅವಳ ಮನೆಯ ಹಿತ್ತಲಿನಲ್ಲಿ ತಂತಿಬಲೆ ಹೊಡೆದ ದೊಡ್ಡ ಗೂಡಿನಲ್ಲಿ ಇಂಥವೇ ಹಕ್ಕಿಗಳ ಹಿಂಡು ಇತ್ತು.

“ಇನ್ನ ಸ್ವಲ್ಪ ದಿನ ಇರಲಿ” ಎಂದೆ.

“ಡಾಕ್ಟರು ಹೇಳಿರಬೇಕಲ್ಲ ನಿನಗ. ನೀ ಹೇಳಿಲ್ಲ.” ಅವನ ದನಿಯಲ್ಲಿ ಕೋಪವಿರಲಿಲ್ಲ. “ಎಷ್ಟು ಸಲ ಮೈ ತೊಳಕೋತಿ ದಿನಕ್ಕ? ನಿನ್ನ ಕೈ ನೋಡು, ಸುಣ್ಣ ಸವರಿದಂಗ ಆಗ್ಯಾವ.”

ಅತ್ತೆ ತನ್ನ ಊರಿನ ಒಂದು ಗಾಡಿ ಮಾಡಿಕೊಂಡು ಬಂದಳು. ಪಂಜರವನ್ನು ಹಿಂಬಾಗಿಲಿನಿಂದ ಸುತ್ತುಹಾಕಿ ಅಂಗಳಕ್ಕೆ ತಂದೆ. ಅಪ್ಪ ತನ್ನ ಕೋಣೆಯ ಗಾಜಿನ ಹಿಂದೆ ಮಂಚದ ಮೇಲೆ ಕುಳಿತಿದ್ದ. ಅವನಿಗೆ ಕಾಣಲೆಂದು ಪಂಜರವನ್ನು ಕಿಟಕಿಯ ಎತ್ತರಕ್ಕೆ ಎತ್ತಿ ಹಿಡಿದೆ. ಹಕ್ಕಿ ಅವನ ಕಡೆ ನೋಡಲಿಲ್ಲ. ಬೇಲಿಯ ಮೇಲಿನ ಗುಬ್ಬಿಗಳ ಕಡೆ ತಲೆ ಓರೆ ಮಾಡಿತ್ತು. ನಾನು ಪಂಜರವನ್ನು ತಿರುಗಿಸಿದೆ. ಅದೂ ತಿರುಗಿ ಕುಳಿತು ಗುಬ್ಬಿಗಳನ್ನೇ ನೋಡಿತು. ಕೈ ಸೋಲುವವರೆಗೂ ಹಿಡಿದಿದ್ದೆ. ಅಪ್ಪ ಒಳಗಿನಿಂದ ಸಾಕು ಎಂದು ಕೈಸನ್ನೆ ಮಾಡಿದ.

ಅತ್ತೆ ಒಳಗೆ ಹೋಗಿ ಅವನ ಪಾದದ ಹತ್ತಿರ ಕುಳಿತಳು. “ಫಿಕರ್ ಮಾಡಬ್ಯಾಡಣ್ಣಾ. ಮೊದಲು ಬ್ಯಾರೆ ಪಂಜರದಾಗೇ ಇಡ್ತೀನಿ, ಆಮ್ಯಾಲ ಕೂಡಿಸ್ತೀನಿ.”

“ಥಂಡಿ ಹವಾಕ್ಕ ಇಡಬ್ಯಾಡ.”

“ಇಲ್ಲಣ್ಣಾ.”

“ಮಂದ್ಯಾಗ ಒಂದು ಆಗಲಿ ಬಿಡು ಅದು” ಎಂದ ಅಪ್ಪ.

ಗಾಡಿ ಹೋದ ಮೇಲೆ ನನ್ನ ಕೋಣೆಯ ಗೋಡೆ, ನೆಲ ಎಲ್ಲವನ್ನೂ ಒದ್ದೆ ಬಟ್ಟೆಯಿಂದ ಒರೆಸಿದೆ. ಜಾಲಂಧರದ ಪ್ಲಾಸ್ಟಿಕ್ ಹಾಳೆ ಕಿತ್ತೆ. ಆಮೇಲೆ ಎಷ್ಟೋ ಬೆಳಿಗ್ಗೆ ಎದ್ದ ಕೂಡಲೇ ಕುಂಡ ಇದ್ದ ಜಾಗಕ್ಕೆ ಕೈ ಹೋಗುತ್ತಿತ್ತು. ಅಪ್ಪನ ಮಾತು ಕಡಿಮೆಯಾಯಿತು. ನಾನು ಶಾಲೆಯಿಂದ ಬಂದಾಗ ಹೇಳಲು ಅವನ ಹತ್ತಿರ ಸುದ್ದಿ ಇರುತ್ತಿರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ. ಇಬ್ಬರೂ ಯಂತ್ರದ ಸದ್ದು ಕೇಳುತ್ತಾ ಚಹಾ ಕುಡಿಯುತ್ತಿದ್ದೆವು.

ಬಿಸಿಲು ಏರುವ ಹೊತ್ತಿಗೆ ಅವನಿಗೆ ಮನೆಯ ಯಂತ್ರದ ಗಾಳಿ ಸಾಲದಾಯಿತು. ಕಲಬುರಗಿಯ ಆಸ್ಪತ್ರೆಗೆ ಸೇರಿಸಿದೆ. ಮುಖದ ತುಂಬ ಮಾಸ್ಕ್ ಹಾಕಿದ್ದರು. ಮಾತಾಡಬೇಕಾದರೆ ಅದನ್ನು ಎರಡು ಬೆರಳಿನಿಂದ ಎತ್ತುತ್ತಿದ್ದ. ನರ್ಸು ಬೈದರೆ ಬಿಟ್ಟುಬಿಡುತ್ತಿದ್ದ. ಒಂದು ಮಧ್ಯಾಹ್ನ ಹಾಗೆ ಎತ್ತಿ ಕೇಳಿದ:

“ತೆಂಗಳಿಗೆ ಫೋನ್ ಮಾಡಿದ್ದೇನು?”

“ಮಾಡಿದ್ದೆ. ಚಂದ ಅದ ಅಂತ. ಹಿಂಡಿನ್ಯಾಗ ಬಿಟ್ಟಾಳಂತ ಅತ್ತಿ.”

“ಹಂಗಾದ್ರ ನಮ್ಮನ್ನ ಮರ್ತಿರ್ತದ.”

ಇಲ್ಲವೆನ್ನಬೇಕೆಂದಿದ್ದೆ. ಬಾಯಿಗೆ ಬಂದದ್ದು ಬೇರೆ. “ಮರ್ತಿರ್ತದಪಾ.”

“ಮರೀಲಿ” ಎಂದು ಮಾಸ್ಕ್ ಬಿಟ್ಟ.

ಅಪ್ಪ ತೀರಿಕೊಂಡದ್ದು ಅದಾದ ಕೆಲವೇ ದಿನಗಳಿಗೆ, ಹಗಲು ಹೊತ್ತಿನಲ್ಲಿ. ನಾನು ಪಕ್ಕದಲ್ಲೇ ಇದ್ದೆ. ಕೈ ಬೆಚ್ಚಗೇ ಇತ್ತು. ಬಹಳ ಹೊತ್ತಿನವರೆಗೂ ಬೆಚ್ಚಗಿತ್ತು, ಅದಕ್ಕೇ ಡಾಕ್ಟರು ಹೇಳಿದ್ದು ನನಗೆ ಕೂಡಲೇ ಅರ್ಥವಾಗಲಿಲ್ಲ. ಮನೆಗೆ ತಂದಾಗ ಓಣಿಯವರೆಲ್ಲ ನೆರೆದಿದ್ದರು. ಆಪಾ ನನ್ನ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡು ನಿಂತಳು. ತೆಂಗಳಿಯಿಂದ ಅತ್ತೆ ಬಂದಿದ್ದಳು. ಅವಳೂ ಹಕ್ಕಿಯ ಮಾತು ತೆಗೆಯಲಿಲ್ಲ, ನಾನೂ ಕೇಳಲಿಲ್ಲ.

ನಾನು ತೆಂಗಳಿಗೆ ಹೋದದ್ದು ಮಳೆಗಾಲ ಮುಗಿದ ಮೇಲೆ. ಚಿತ್ತಾಪುರದಲ್ಲಿ ಬಸ್ಸು ಬದಲಿಸಿ ಹೋದೆ. ತೊಗರಿ ಎದೆಯೆತ್ತರ ಬೆಳೆದು ರಸ್ತೆಯ ಎರಡೂ ಕಡೆ ನಿಂತಿತ್ತು. ಅತ್ತೆ ಊಟಕ್ಕೆ ಮೊದಲೇ ಹಿತ್ತಲಿಗೆ ಕರೆದುಕೊಂಡು ಹೋದಳು. ತಂತಿಬಲೆಯ ಹಿಂದೆ ಹಳದಿ, ನೀಲಿ, ಬಿಳಿ, ಹಸಿರು ಎಲ್ಲಾ ಬಣ್ಣದವೂ ಒಂದರ ಮೇಲೊಂದು ಹಾರಾಡುತ್ತಿದ್ದವು. ಕಿವಿ ಗುಯ್‌ಗುಡುವಷ್ಟು ಗಲಾಟೆ. ಹಸಿರಿನವೇ ಹೆಚ್ಚು.

“ಯಾವುದು ಅತ್ತಿ?”

“ಅಗೋ, ಗಡಿಗಿ ಮ್ಯಾಲ ಕುಂತದಲ್ಲ, ಅದು.” ಆ ಹಕ್ಕಿ ಹಾರಿತು. ಅತ್ತೆ ಕಣ್ಣು ಕಿರಿದು ಮಾಡಿ ನೋಡಿದಳು. “ಅದಲ್ಲ ನೋಡು, ಅದು ನಮ್ಮ ಹಳೇದು. ಈ ಮೂಲ್ಯಾಂದು ಇರಬೇಕು.”

ಮೂಲೆಯದನ್ನು ನೋಡಿದೆ. ಅದರ ಕೊಕ್ಕು, ಕಣ್ಣಿನ ಸುತ್ತಲ ಬಣ್ಣ, ಕೂರುವ ರೀತಿ. ಅಷ್ಟು ದಿನ ಅದರ ಉಸಿರೊಂದನ್ನೇ ನೋಡುತ್ತಾ ಕುಳಿತಿದ್ದವಳು ನಾನು. ಆರೋಗ್ಯವಾಗಿದ್ದಾಗ ಅದು ಹೇಗಿರುತ್ತಿತ್ತೆಂದು ಅಪ್ಪ ಚೆನ್ನಾಗಿ ಬಲ್ಲವನಾಗಿದ್ದ. ನನಗೆ ಗುರುತು ಸಿಗಲಿಲ್ಲ.

“ಕರೀ ನೋಡು, ಬರ್ತದ” ಎಂದಳು ಅತ್ತೆ.

ಮುಕದ್ದಮ ಎಂದು ಕರೆದೆ. ಆ ಹೆಸರಿನಿಂದ ಕರೆಯುತ್ತಿದ್ದದ್ದು ಅಪ್ಪ ಮಾತ್ರ. ನನ್ನ ದನಿ ಅದಕ್ಕೆ ಹೊಂದಲಿಲ್ಲ. ಒಂದೂ ತಿರುಗಿ ನೋಡಲಿಲ್ಲ.

“ಒಯ್ತೀಯೇನು? ಒಂದು ಜೋಡಿ ಹಿಡಿದು ಕೊಡ್ತೀನಿ. ಮನ್ಯಾಗ ಒಬ್ಬಾಕಿ ಇರ್ತಿ.”

“ಬ್ಯಾಡ ಅತ್ತಿ. ಇಲ್ಲೇ ಚಂದ ಅವ.”

ಅತ್ತೆ ರೊಟ್ಟಿ ಬಡಿಯಲು ಒಳಗೆ ಹೋದಳು. ನಾನು ಬಲೆಯ ಮುಂದೆ ಇನ್ನೂ ಸ್ವಲ್ಪ ಹೊತ್ತು ನಿಂತೆ. ಬಿಸಿಲು ಸರಿದು ಗೂಡಿನ ಅರ್ಧ ಭಾಗ ನೆರಳಾಗಿತ್ತು. ಹಕ್ಕಿಗಳು ಬಿಸಿಲಿದ್ದ ಕಡೆಗೆ ಸರಿದು ಸಾಲಾಗಿ ಕುಳಿತವು. ಒಳಗಿನಿಂದ ಅತ್ತೆ ಊಟಕ್ಕೆ ಕೂಗಿದಳು. ಕೈ ತೊಳೆದುಕೊಂಡು ಹೋದೆ.